ಅಮ್ಮ ಹೊಡೆದುಹಾಕಿದ ‘ಬಹುಶಃ’

ಜನವರಿ ೧೨

ಪ್ರೀತಿಯ ಗೂಬೆಗೆ,

ತಲುಪಿದೆ. ಕೈಕಾಲು ನೆಟ್ಟಗಿವೆ. ವ್ಯಾನು ಗುಡ್ಡ ಹತ್ತುವಾಗ ತಿಂದದ್ದೆಲ್ಲ ಬಾಯಿಗೆ ಬಂದಿತ್ತು, ಅದನ್ನು ಅಮ್ಮನಿಗೆ ಓದಿ ಹೇಳಬೇಡ.

ಇಲ್ಲಿ ಮೊಬೈಲ್ ಕೂಡದು. ಗೇಟಿನಲ್ಲೇ ಕಸಿದುಕೊಂಡು ಕಬ್ಬಿಣದ ಪೆಟ್ಟಿಗೆಗೆ ಹಾಕಿದರು. ಆಕಾಶದಿಂದ ಬರುವ ರೇಡಿಯೋ ಪಿಸುಮಾತನ್ನು ಕೇಳಲು ಒಂದು ದೊಡ್ಡ ತಟ್ಟೆ ನಿಲ್ಲಿಸಿದ್ದಾರಲ್ಲ, ಅದರ ಪಕ್ಕ ಫೋನು ಹಚ್ಚಿದರೆ ಕಿವಿಯೊಳಗೆ ಕಿರುಚಿದ ಹಾಗಂತೆ. ಕಚೇರಿಯಲ್ಲಿ ಒಂದು ತಂತಿ ಫೋನಿದೆ. ಅದರ ಪಕ್ಕ ಧೂಳು ಮೇಷ್ಟ್ರು ಕುಳಿತಿರುತ್ತಾರೆ. ನಕ್ಷತ್ರಗಳ ನಡುವಿನ ಧೂಳನ್ನು ಜೀವಮಾನವಿಡೀ ಅಭ್ಯಾಸ ಮಾಡಿದವರು, ಮೇಜಿನ ಮೇಲೆ ಒಂದು ಕಣ ಧೂಳು ಕಂಡರೆ ಮೈಮೇಲೆ ಬಂದವರಂತೆ ಆಡುತ್ತಾರೆ. ಅವರೆದುರು ಮನೆ ಮಾತು ಆಡಲು ನನ್ನಿಂದಾಗದು. ಇ-ಮೇಲ್ ಇಡೀ ತಂಡದ ಸೊತ್ತು. ಹಾಗಾಗಿ ಕಾಗದವೇ ಗತಿ. ಅಮ್ಮನಿಗೂ ಅದೇ ಇಷ್ಟ ಅಲ್ಲವೇ, ನೀನು ಓದುವಾಗ ಹಾಳೆ ಮಗುಚುವ ಸದ್ದು ಕೇಳುವುದು.

ನನ್ನ ಮೇಜು ಕಿಟಕಿಗೆ ಬೆನ್ನು ಹಾಕಿದೆ. ಉಪಗ್ರಹ ಹಿಡಿದ ಎಕ್ಸ್-ರೇ ಮಾಹಿತಿ ನಿಮ್ಮ ನಿಯಂತ್ರಣ ಕೇಂದ್ರದಿಂದ ತಂತಿಯಲ್ಲಿ ಇಲ್ಲಿಗೆ ಬರುತ್ತದೆ. ಅಮ್ಮ ತನ್ನ ಪ್ರಬಂಧಕ್ಕೆ ಆರಿಸಿದ್ದ ಅದೇ ನ್ಯೂಟ್ರಾನ್ ನಕ್ಷತ್ರವನ್ನು ನಾನು ಕಾಯಬೇಕು. ಅದು ಸಿಡಿದರೆ ಪಾಳಿ ಕೇಳಿಕೊಂಡು ತಟ್ಟೆಯನ್ನು ಅದರ ಕಡೆ ತಿರುಗಿಸಬೇಕು. ಸಿಡಿಯದಿದ್ದರೆ ಚಹಾ ಕುಡಿಯಬೇಕು. ಸದ್ಯಕ್ಕೆ ಚಹಾ.

ಯೋಜನೆಯ ಮುಖ್ಯಸ್ಥ ಗಡಿಯಾರ ಸಾಹೇಬರು ಈ ಸಲವೂ ತಮ್ಮ ಹಳೇ ಚಾಳಿ ಬಿಟ್ಟಿಲ್ಲವಂತೆ. ನಾವು ತೂಕಡಿಸುತ್ತಿಲ್ಲ ಎಂದು ಖಾತ್ರಿಯಾಗಲು ಗುಟ್ಟಾಗಿ ಯಾರೋ ಒಬ್ಬರಿಂದ ಸುಳ್ಳು ಸಿಡಿತ ಮಾಡಿಸಿಟ್ಟುಕೊಳ್ಳುವುದು. ನಿಜವಾದ ಮಾಹಿತಿಯೊಳಗೆ ಅದನ್ನು ಬೆರೆಸಿದರೋ ಇಲ್ಲವೋ ಅವರೊಬ್ಬರಿಗೇ ಗೊತ್ತು, ಮಾಡಿಕೊಟ್ಟವರಿಗೂ ಹೇಳುವುದಿಲ್ಲ. ವೀಕ್ಷಣೆಯ ಋತು ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ ಬಾಯಿ ಬಿಡುತ್ತಾರೆ. ಯಾರಪ್ಪಾ ಈ ಸಲದ ಕಳ್ಳ? ನಿನ್ನ ಕಚೇರಿಯವರೇ ಇರಬೇಕು. ಮೂಸಿ ನೋಡಿ ಹೇಳು.

ಅಮ್ಮನ ಕಣ್ಣಿಗೆ ಬೆಳಕು ಕತ್ತಲೆಯಾದರೂ ತಿಳಿಯುತ್ತಿದೆಯೇ? ಮರೆಮಾಚದೆ ಬರೆ.

ನಿನ್ನ ಅಕ್ಕ


ಜನವರಿ ೨೬

ಅಕ್ಕಾ,

ಬೆಳಕು ಕತ್ತಲೆ ತಿಳಿಯುತ್ತಿದೆ, ಅಷ್ಟೇ. ಕಿಟಕಿ ಎಲ್ಲಿದೆ ಎಂದು ತೋರಿಸುತ್ತಾಳೆ. ಕಿಟಕಿಯ ಮುಂದೆ ನಾನು ನಿಂತರೆ, “ಏಯ್ ಪರದೆ, ಸ್ವಲ್ಪ ಸರಿ” ಎನ್ನುತ್ತಾಳೆ. ನಾಲಿಗೆಗೆ ಮಾತ್ರ ಯಾವ ಕಾಯಿಲೆಯೂ ಬಂದಿಲ್ಲ.

ನಿನ್ನ ಕಾಗದವನ್ನು ವಾಂತಿಯ ಸುದ್ದಿ ಸಮೇತ ಓದಿದೆ. “ಚಿಕ್ಕೋಳಿದ್ದಾಗಿಂದ ಅವಳಿಗೆ ಅಷ್ಟೇ” ಎಂದಳು. ಧೂಳು ಮೇಷ್ಟ್ರ ಪ್ರಸಂಗಕ್ಕೆ ಬಿದ್ದು ಬಿದ್ದು ನಕ್ಕಳು.

ಆಮೇಲೆ ತನ್ನ ಹಳೆಯ ಪ್ರಬಂಧ ತರಲು ಹೇಳಿದಳು. ಕಣ್ಣು ಕಾಣದಿದ್ದರೂ ಮೊದಲ ಪುಟದ ಮೇಲೆ ಬೆರಳಾಡಿಸಿ ಶೀರ್ಷಿಕೆ ಹುಡುಕಿದಳು. ‘ನ್ಯೂಟ್ರಾನ್ ನಕ್ಷತ್ರಗಳ ಎಕ್ಸ್-ರೇ ಸಿಡಿತಕ್ಕೆ ಬಹುಶಃ ಕಾಂತೀಯ ಕಾರಣ’. ಆ ‘ಬಹುಶಃ’ವನ್ನು ಸಂಪಾದಕರು ತುರುಕಿದ್ದು, ಅಮ್ಮ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದು, ಆ ಗೆರೆಯಿಂದ ಹಾಳೆ ಹರಿದದ್ದು ಎಲ್ಲ ಹಾಗೇ ಇದೆ. ಸಭೆಯ ಕಥೆಯನ್ನು ಮತ್ತೊಮ್ಮೆ ಹೇಳಿದಳು. ಮುಂದಿನ ಸಾಲಿನಲ್ಲಿದ್ದ ಆ ಮಹಾನುಭಾವರು ಎದ್ದು ನಿಂತು, “ಮೇಡಂ, ನಮ್ಮ ಫ್ರಿಜ್ ಬಾಗಿಲಲ್ಲೂ ಅಯಸ್ಕಾಂತ ಇದೆ, ಅದು ಯಾವಾಗ ಸಿಡಿಯುತ್ತೆ?” ಎಂದದ್ದು, ಇಡೀ ಸಭೆ ನಕ್ಕಿದ್ದು. ಅಂದಿನಿಂದ ನಮ್ಮ ಫ್ರಿಜ್ ಬೋಳು. ಇವತ್ತಿಗೂ ನಾನು ಹಾಲಿನವನ ಚೀಟಿಯನ್ನು ಗೋಡೆಗೆ ಅಂಟಿಸುತ್ತೇನೆ.

“ಅದು ಸಿಡಿಯೋದನ್ನ ನೋಡೋಕೆ ನನಗಂತೂ ಕಣ್ಣಿಲ್ಲ. ಅವಳಿಗಿದೆಯಲ್ಲ” ಎಂದಳು.

ಕಳ್ಳನ ವಿಷಯ ನನಗೇನೂ ಗೊತ್ತಿಲ್ಲ. ಬೆಚ್ಚಗಿರು.

ಗೂಬೆ


ಫೆಬ್ರವರಿ ೯

ಗೂಬೇ ಗೂಬೇ ಗೂಬೇ,

ಅಕ್ಷರ ವಕ್ರವಾಗಿದ್ದರೆ ಬೈಯಬೇಡ, ನಿಂತೇ ಬರೆಯುತ್ತಿದ್ದೇನೆ. ಮೊದಲು ಅಮ್ಮನನ್ನು ಕುರ್ಚಿಯ ಮೇಲೆ ಕೂರಿಸು. ನೀನೂ ಕೂತುಕೋ.

ಸಿಡಿಯಿತು.

ಬೆಳಗಿನ ಚಹಾ ಲೋಟ ಕೈಯಲ್ಲೇ ಇತ್ತು. ಪರದೆಯ ಮೇಲೆ ಒಂದು ಗೆರೆ ಸುಮ್ಮನೆ ನೆಲ ಹಿಡಿದು ಹೋಗುತ್ತಿದ್ದದ್ದು ಧಡಕ್ಕನೆ ಮೇಲೆದ್ದು ಚೌಕಟ್ಟನ್ನೇ ದಾಟಿತು. ಲೋಟ ಎಲ್ಲಿ ಇಟ್ಟೆನೋ ನೆನಪಿಲ್ಲ, ಆಮೇಲೆ ಧೂಳು ಮೇಷ್ಟ್ರ ಕಾಗದಗಳ ಮೇಲೆ ಸಿಕ್ಕಿತು. ಅವರು ಬೈದರು. ನಾನು ಅವರ ಎರಡೂ ಕೈ ಹಿಡಿದು ಕುಣಿದೆ.

ಅಮ್ಮಾ, ಈಗ ನಿನಗೆ. ಎಲ್ಲರೂ ಹೇಳುವ ಸಿಡಿತ ಹೇಗಿರಬೇಕು? ಜೊತೆ ನಕ್ಷತ್ರದಿಂದ ಎಳೆದುಕೊಂಡ ಅನಿಲ ಇದರ ಮೈಮೇಲೆ ಪದರಗಟ್ಟಿ, ಕಾವೇರಿ, ಒಮ್ಮೆಲೇ ಹೊತ್ತಿ ಉರಿದು, ಮೆಲ್ಲಗೆ ಆರಬೇಕು. ಇದು ಹಾಗೆ ಉರಿಯಲೇ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ನೆತ್ತಿಗೇರಿ ಕುಸಿಯಿತು. ಆಮೇಲೆ ಬಾಲ! ಉದ್ದನೆಯ ಬಾಲ, ಅದರೊಳಗೆ ಮಿಡಿತ. ನೀನು ಬರೆದ ಹಾಗೇ. ಒಳಗಿನ ಕಾಂತಕ್ಷೇತ್ರ ಹಗ್ಗದಂತೆ ಹುರಿಗೊಂಡು ಹುರಿಗೊಂಡು, ನಕ್ಷತ್ರದ ಗಟ್ಟಿ ಚಿಪ್ಪು ತಾಳಲಾರದೆ ಬಿರಿದು, ಇಡೀ ಚಿಪ್ಪು ಗಂಟೆ ಬಾರಿಸಿದಂತೆ ಅದುರಬೇಕು ಎಂದಿದ್ದೆಯಲ್ಲ. ಅದುರಿತು ಅಮ್ಮಾ. ಎರಡು ಸ್ವರ ಕಾಣಿಸುತ್ತಿದೆ, ಒಂದು ದಪ್ಪ, ಒಂದು ಸಣ್ಣ, ಒಂದರೊಳಗೊಂದು ಸೇರಿಕೊಂಡು. ನಾನು ಪರದೆಗೆ ಮೂಗು ಒತ್ತಿಕೊಂಡು ಅತ್ತೆ.

ಗೂಬೇ, ನೀನು ಕೇಳುವ ಪ್ರಶ್ನೆ ನನಗೆ ಗೊತ್ತು. ಸಾಹೇಬರ ಸುಳ್ಳು ಸಿಡಿತ ಆಗಿದ್ದರೆ? ನಾನೂ ಯೋಚಿಸಿದೆ. ಆದರೆ ಅಮ್ಮನ ಪ್ರಬಂಧವನ್ನು ಓದಿದವರು ಈ ಲೋಕದಲ್ಲಿ ಯಾರಿದ್ದಾರೆ, ಅಮ್ಮ, ನಾನು, ನೀನು. ಸುಳ್ಳು ಮಾಡುವವನು ಎಲ್ಲರಿಗೂ ಗೊತ್ತಿರುವ ಆಕಾರ ಬಿಟ್ಟು ಯಾರೂ ನಂಬದ ಆಕಾರವನ್ನು ಯಾಕೆ ಮಾಡುತ್ತಾನೆ? ಇದು ನಿಜವೇ ನಿಜ.

ಈಗ ತಟ್ಟೆ ತಿರುಗಿಸಲು ಪಾಳಿ ಕೇಳುತ್ತಿದ್ದೇನೆ. ಚಿಪ್ಪು ನಿಜಕ್ಕೂ ಬಿರಿದಿದ್ದರೆ ಒಂದಿಷ್ಟು ದ್ರವ್ಯ ಹೊರಕ್ಕೆ ಎರಚಿರಬೇಕು, ಅದು ಕೆಲವು ವಾರ ರೇಡಿಯೋದಲ್ಲಿ ಮಿಣಮಿಣ ಹೊಳೆದು ಮಂಕಾಗಬೇಕು. ಆ ಹೊಳಪು ಸಿಕ್ಕಿ, ಮಂಕಾಗುವುದೂ ಕಂಡರೆ ‘ಬಹುಶಃ’ಕ್ಕೆ ಎಳ್ಳಷ್ಟೂ ಜಾಗವಿಲ್ಲ.

ಅಮ್ಮ ಏನಂದಳು? ಒಂದೊಂದು ಮಾತನ್ನೂ ಬರೆ.

ಅಕ್ಕ


ಫೆಬ್ರವರಿ ೧೪
(ಇದನ್ನು ಅಂಚೆಗೆ ಹಾಕುವುದಿಲ್ಲ)

ಅಕ್ಕಾ,

ನಿನಗೆ ಕಳಿಸಲಾರದ್ದನ್ನು ನಿನಗೇ ಬರೆಯದೆ ಇರಲಾರೆ.

ಈ ಸಲದ ಕಳ್ಳ ನಾನೇ ಕಣೇ.

ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿ, “ಒಂದು ಸುಳ್ಳು ಸಿಡಿತ ಮಾಡಿ ಕೊಡು. ಪ್ರಾಣ ಹೋದರೂ ಬಾಯಿ ಬಿಡಬಾರದು” ಎಂದರು. ಎಲ್ಲರಿಗೂ ಗೊತ್ತಿರುವ ಆಕಾರವನ್ನೇ ಮಾಡಬಹುದಿತ್ತು. ನನಗೆ ಅಮ್ಮನ ನೆನಪಾಯಿತು. ಕಣ್ಣು ಪೂರ್ತಿ ಮುಚ್ಚುವ ಮುನ್ನ ಅವಳ ಆಕಾರವೊಂದು ದೊಡ್ಡವರ ಪರದೆಯ ಮೇಲೆ ಬರಲಿ, ಸುಳ್ಳಾಗಿಯಾದರೂ ಬರಲಿ. ಬಾಯಿ ಬಿಡುವ ದಿನ ಯಾರಾದರೂ “ಈ ವಿಚಿತ್ರ ಆಕಾರ ಎಲ್ಲಿಂದ ತಂದೆ?” ಎಂದು ಕೇಳಿದರೆ ಅಮ್ಮನ ಹೆಸರು ಹೇಳಬೇಕೆಂದಿದ್ದೆ. ಅಮ್ಮನ ಸೂತ್ರಗಳನ್ನಿಟ್ಟುಕೊಂಡು ಕೂತು ಬಿಡಿಸಿದೆ. ಆಗ ಆ ಮೇಜಿನಲ್ಲಿ ನೀನು ಕೂರುತ್ತೀಯೆಂದು ಯಾರಿಗೆ ಗೊತ್ತಿತ್ತು? ನಿನ್ನ ನೇಮಕ ಆದದ್ದು ಆಮೇಲೆ.

ನಿನ್ನ ಕಾಗದವನ್ನು ಓದಿ ಮಡಚಿ ಪುಸ್ತಕದೊಳಗೆ ಬಚ್ಚಿಟ್ಟೆ. ನೀನು ಮೂಗು ಒತ್ತಿಕೊಂಡು ಅತ್ತದ್ದು ನನ್ನ ಗೀಚಿಗೆ. ಅಮ್ಮನಿಗೆ ಅದನ್ನು ಓದಿಲ್ಲ. ಓದಿದರೆ ಅವಳು ಕುಣಿಯುತ್ತಾಳೆ. ಆಮೇಲೆ ಸಾಹೇಬರು ಬಾಯಿ ಬಿಟ್ಟ ದಿನ ಇನ್ನೊಮ್ಮೆ ಆ ಸಭೆ, ಇನ್ನೊಮ್ಮೆ ಆ ನಗು. ಈ ಸಲ ತಾಯಿ ಮಗಳು ಇಬ್ಬರನ್ನೂ ನೋಡಿ ನಗುತ್ತಾರೆ.

“ಅಕ್ಕನ ಕಾಗದ ಬಂತಾ?” ಎಂದು ಕೇಳಿದಳು. ಬಂತು, ಚಳಿಯಂತೆ, ಚೆನ್ನಾಗಿದ್ದಾಳಂತೆ ಎಂದೆ. “ಇಷ್ಟು ದಪ್ಪ ಕಾಗದದ ತುಂಬ ಚಳಿಯೇನೋ?” ಎಂದಳು.


ಫೆಬ್ರವರಿ ೧೫

ಅಕ್ಕಾ,

ಕಾಗದ ಬಂತು. ಖುಷಿಯಾಯಿತು. ಆದರೆ ಅವಸರ ಮಾಡಬೇಡ. ತಟ್ಟೆಗೆ ಪಾಳಿ ಕೇಳುವ ಮೊದಲು ಇನ್ನೊಮ್ಮೆ ಯೋಚಿಸು. ಋತು ಮುಗಿಯಲಿ. ಯಾರಿಗೂ ಡಂಗುರ ಸಾರಬೇಡ.

ಅಮ್ಮನಿಗೆ ನೆಗಡಿ. ಗುಣವಾದ ಮೇಲೆ ವಿವರವಾಗಿ ಓದಿ ಹೇಳುತ್ತೇನೆ.

ಗೂಬೆ


ಫೆಬ್ರವರಿ ೨೪

ತಮ್ಮನಿಗೆ,

ನಿನ್ನ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದೆ, ಹಿಂದುಗಡೆ ಏನಾದರೂ ಬರೆದಿದ್ದೀಯೋ ಎಂದು. ಇಷ್ಟೇನಾ? ‘ಖುಷಿಯಾಯಿತು’! ಪಕ್ಕದ ಮನೆಯವರ ಮಗ ಪಾಸಾದರೂ ಇದಕ್ಕಿಂತ ಹೆಚ್ಚು ಬರೆಯುತ್ತಾರೆ. ನೆಗಡಿ ಬಂದರೆ ಅಮ್ಮನ ಕಿವಿಗೇನಾಯಿತು?

ನಿನಗೆ ಹೊಟ್ಟೆಕಿಚ್ಚು ಎಂದು ನನಗೆ ಬರೆಯಲು ಇಷ್ಟವಿರಲಿಲ್ಲ. ಬರೆದುಬಿಟ್ಟೆ ನೋಡು. ಅಮ್ಮನ ಜೊತೆಗಿದ್ದು ನೋಡಿಕೊಳ್ಳುವವನು ನೀನು, ಅವಳ ಸಿಡಿತ ಸಿಕ್ಕಿದ್ದು ನನಗೆ. ಹಾಗಂತ ಮುಖ ಊದಿಸಿಕೊಂಡಿದ್ದೀಯಾ?

ಇರಲಿ, ಕೇಳು. ಧೂಳು ಮೇಷ್ಟ್ರ ಕೈಕಾಲು ಹಿಡಿದು ಅವರ ಪಾಳಿಯಲ್ಲಿ ಸ್ವಲ್ಪ ಹೊತ್ತು ಕಸಿದುಕೊಂಡೆ. ತಟ್ಟೆ ಕಿರ್ರೆಂದು ತಿರುಗಿತು. ಅಲ್ಲಿ, ಆ ನಕ್ಷತ್ರದ ಜಾಗದಲ್ಲೇ, ಏನೋ ಇದೆ. ಇದೆಯೋ ಇಲ್ಲವೋ ಎನ್ನುವಷ್ಟು ಮಸುಕು. ನಾನು ಇದೆ ಎನ್ನುತ್ತೇನೆ, ಮೇಷ್ಟ್ರು ಕನ್ನಡಕ ಒರೆಸಿ ಒರೆಸಿ “ಇರಬಹುದು” ಎನ್ನುತ್ತಾರೆ. ಮಾರ್ಚ್ ಮಧ್ಯದಲ್ಲಿ ನನ್ನದೇ ಪೂರ್ತಿ ಪಾಳಿ ಇದೆ. ಆಗ ಅದು ಅಲ್ಲೇ ಇದ್ದು ಇನ್ನಷ್ಟು ಮಂಕಾಗಿದ್ದರೆ ಮುಗಿಯಿತು, ಅಮ್ಮ ಗೆದ್ದಳು. ಅಷ್ಟರೊಳಗೆ ನೋಡದಿದ್ದರೆ ಆರಿಹೋಗುತ್ತದೆ. ಇಂಥ ಸಿಡಿತ ನಮ್ಮ ಜೀವಮಾನದಲ್ಲಿ ಮತ್ತೆ ಬರುತ್ತದೆಂದು ಯಾರೂ ಬರೆದುಕೊಡುವುದಿಲ್ಲ.

ಗಡಿಯಾರ ಸಾಹೇಬರು ತಂತಿ ಫೋನಿಗೆ ಬಂದಿದ್ದರು. ತಟ್ಟೆಯ ಹೊತ್ತು ಹಾಳಾಗುವುದೆಂದರೆ ಕರುಳು ಕಿತ್ತುಬರುವ ಮನುಷ್ಯ, “ನೋಡು, ನೋಡು” ಎಂದಷ್ಟೇ ಹೇಳಿ ಇಟ್ಟರು.

ಅಮ್ಮನಿಗೆ ಓದು. ಇದು ಬೇಡಿಕೆಯಲ್ಲ, ಅಕ್ಕನ ಅಪ್ಪಣೆ.


ಮಾರ್ಚ್ ೧

ಅಕ್ಕಾ,

ಕೆಳಗಿನದು ಅಮ್ಮ ಹೇಳಿದ್ದು. ನಾನು ಬರೆದುಕೊಂಡಿದ್ದೇನೆ, ಒಂದಕ್ಷರವೂ ನನ್ನದಲ್ಲ.

‘ಮಗಳೇ, ಸುದ್ದಿ ತಿಳಿಯಿತು. ನೀನು ನೋಡಿದ್ದು ನಾನು ಹೇಳಿದ ಸಿಡಿತವಲ್ಲ. ಜೋರು ಬೆಳಕು ಒಮ್ಮೆಲೇ ಬಿದ್ದರೆ ಉಪಕರಣವೇ ಅದುರುತ್ತದೆ. ನೀನು ಕಂಡ ಮಿಡಿತ ನಕ್ಷತ್ರದ್ದಲ್ಲ, ಯಂತ್ರದ್ದು. ರೇಡಿಯೋದ ಮಸುಕೂ ಹಾಗೇ. ಇರಬೇಕು ಎಂದು ಹುಡುಕುವವರಿಗೆ ಎಲ್ಲ ಕಡೆಯೂ ಇರುತ್ತದೆ, ನನಗೂ ಒಂದು ಕಾಲದಲ್ಲಿ ಹಾಗೆ ಕಂಡಿತ್ತು. ನಿನ್ನ ಪಾಳಿಯನ್ನು ಮೇಷ್ಟ್ರಿಗೆ ಬಿಟ್ಟುಕೊಡು. ವರದಿಯಲ್ಲಿ ಕಾಂತೀಯ ಎನ್ನುವ ಮಾತು ಎತ್ತಬೇಡ. ಆ ಸಭೆಯಲ್ಲಿ ನಾನು ನಿಂತಿದ್ದ ಜಾಗದಲ್ಲಿ ನೀನು ನಿಲ್ಲುವುದು ನನಗೆ ಬೇಡ. ಯಾಕೆ ಎತ್ತ ಎಂದು ಕೇಳಬೇಡ. ನಾನು ಈ ವಿಷಯದಲ್ಲಿ ನಿನಗಿಂತ ಹಳಬಳು.’

ಅಮ್ಮ ಚೆನ್ನಾಗಿದ್ದಾಳೆ. ನೀನು ಬೈದದ್ದಕ್ಕೆ ನನಗೆ ಬೇಜಾರಿಲ್ಲ.

ಗೂಬೆ


ಮಾರ್ಚ್ ೧೦

ಅಮ್ಮನಿಗೆ, ಓದುವವನಿಗೆ,

ವ್ಯಾನಿನವರು ಕಾಗದ ಕೊಟ್ಟಾಗ ಅಂಗಳದಲ್ಲೇ ನಿಂತು ಓದಿದೆ. ಬೇರೆ ಯಾರು ಹೇಳಿದ್ದರೂ ಜಗಳಕ್ಕೆ ಬೀಳುತ್ತಿದ್ದೆ. ಆ ಕಲ್ಪನೆಯನ್ನು ಹೆತ್ತವಳೇ ಇದಲ್ಲ ಎಂದ ಮೇಲೆ ನಾನು ಯಾರ ಬಳಿ ವಾದಿಸಲಿ?

ನಾಲ್ಕು ದಿನ ಮಿಡಿತವನ್ನು ಮತ್ತೆ ನೋಡಿದೆ. ಯಂತ್ರದ್ದೆಂದು ಅನ್ನಿಸುವುದೇ ಇಲ್ಲ. ಆದರೆ ನನಗೆ ಅನ್ನಿಸುವುದರ ಮೇಲೆಯೇ ಈಗ ನಂಬಿಕೆಯಿಲ್ಲ. ವರದಿಯಲ್ಲಿ ‘ಉಪಕರಣದ ದೋಷವಿರಬಹುದು’ ಎಂದು ನನ್ನ ಕೈಯಾರೆ ಬರೆದೆ.

ಪಾಳಿ ಬಿಟ್ಟುಕೊಟ್ಟೆ. ಮೇಷ್ಟ್ರು ತೆಗೆದುಕೊಳ್ಳಲು ಒಪ್ಪಲಿಲ್ಲ. “ಬೇಡಮ್ಮಾ. ನಿನ್ನ ಪಾಳಿ, ನೀನು ನೋಡು. ಇನ್ನೊಂದು ಸಲ ನೋಡಿದ್ರೆ ಏನು ಕಳ್ಕೊಳ್ತೀಯ?” ಎಂದರು. ನಾನೇ ಹಟ ಹಿಡಿದು ಕೊಟ್ಟೆ. ಆ ಹೊತ್ತಿನಲ್ಲಿ ಅವರು ತಮ್ಮ ಧೂಳು ನೋಡುತ್ತಾರೆ.

ಅಮ್ಮಾ, ಒಂದೇ ಮಾತು. ಅಷ್ಟು ವರ್ಷ ಯಾರು ನಕ್ಕರೂ ನೀನು ಬಗ್ಗಲಿಲ್ಲ. ಈಗ ಯಾಕೆ ಬಗ್ಗಿದೆ?


ಏಪ್ರಿಲ್ ೨

ಅಕ್ಕಾ,

ಇದನ್ನು ಹೇಗೆ ಬರೆಯಲಿ. ನೆಟ್ಟಗೆ ಬರೆದುಬಿಡುತ್ತೇನೆ.

ನಿನ್ನೆ ಸಾಹೇಬರು ಬಾಯಿ ಬಿಟ್ಟರು. ಕೇಂದ್ರದವರೆಲ್ಲ ಕೂತಿದ್ದೆವು. ಅವರು ವಾಡಿಕೆಯಂತೆ ಕೈಗಡಿಯಾರ ನೋಡಿಕೊಂಡು, “ಈ ಋತುವಿನಲ್ಲಿ ಏನನ್ನೂ ಬೆರೆಸಿಲ್ಲ. ನಾಣ್ಯ ಚಿಮ್ಮಿದೆ, ಬೇಡ ಅಂತ ಬಿತ್ತು. ಸುಳ್ಳು ಇನ್ನೂ ನನ್ನ ಖಾನೆಯಲ್ಲೇ ಇದೆ” ಎಂದರು.

ನನಗೆ ಕೇಳಿಸಿದ್ದು ಅರ್ಥವಾಗಲಿಲ್ಲ. ಎದ್ದು ನಿಂತು, “ಸಾರ್, ಫೆಬ್ರವರಿಯದ್ದು ನನ್ನದೇ ಅಲ್ವಾ?” ಎಂದು ಕಿರುಚಿದೆನಂತೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ನಿನ್ನದಲ್ಲ. ಅದು ನಕ್ಷತ್ರದ್ದು” ಎಂದರು. ಪಕ್ಕದವರು ನೀರು ಕೊಟ್ಟರು.

ಹೌದು ಅಕ್ಕಾ, ಕಳ್ಳ ನಾನು. ಅಮ್ಮನ ಆಕಾರದ ಸುಳ್ಳನ್ನು ಮಾಡಿ ಕೊಟ್ಟವನು ನಾನು. ನೀನು ಬರೆದದ್ದು ಓದಿದ ಕೂಡಲೇ ನನ್ನದೇ ಎಂದುಕೊಂಡೆ. ಬೆರೆಸಿದ್ದಾರೋ ಇಲ್ಲವೋ ಗೊತ್ತಿರುವುದಿಲ್ಲ ಎಂಬ ನಿಯಮ ನನಗೆ ಗೊತ್ತಿತ್ತು. ಆದರೂ ಒಂದು ಕ್ಷಣವೂ ಅನುಮಾನ ಬರಲಿಲ್ಲ. ನಿನ್ನ ಅಪ್ಪಣೆಯ ಕಾಗದ ಬಂದ ದಿನ ಅಮ್ಮ, “ಅವಳಿಗೇನೋ ಆಗಿದೆ, ನೀನು ಮುಚ್ಚಿಡ್ತಿದ್ದೀಯ. ಕಾಯಿಲೆಯಾ? ಹೇಳು!” ಎಂದು ನನ್ನ ತೋಳು ಹಿಡಿದು ಅಲುಗಾಡಿಸಿದಳು. ತಡೆಯಲಾರದೆ ಆಣೆ ಮುರಿದು ಹೇಳಿಬಿಟ್ಟೆ. ಅಕ್ಕ ನನ್ನ ಸುಳ್ಳನ್ನು ನಿಜವೆಂದು ನಂಬಿದ್ದಾಳೆ, ನಿನ್ನ ಸಿಡಿತ ಸಿಕ್ಕಿತೆಂದು ಕುಣಿಯುತ್ತಿದ್ದಾಳೆ ಎಂದು. ನಿನ್ನ ಕಾಗದಗಳನ್ನು ಓದಲಿಲ್ಲ, ಸಾರಾಂಶ ಹೇಳಿದೆ. ಅಮ್ಮ ನನ್ನ ತೋಳು ಬಿಟ್ಟಳು. ಆಮೇಲೆ, “ಕಾಗದ ತಗೋ. ಅವಳು ಆ ಸಭೆಗೆ ಹೋಗಬಾರದು” ಎಂದಳು. ಯಂತ್ರ ಅದುರುವ ಕಥೆ ಕಟ್ಟಿದ್ದು ಅಮ್ಮನೇ. ನಿನ್ನನ್ನು ಉಳಿಸಲು ತನ್ನ ಕಲ್ಪನೆಯ ಕತ್ತನ್ನು ತಾನೇ ಹಿಸುಕಿದಳು.

ನಿನ್ನೆ ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಅಮ್ಮ ಗೋಡೆಯ ಕಡೆ ಮುಖ ಮಾಡಿ ಕೂತಳು. “ಅವಳ ಕಾಗದ ಓದು. ಸಿಡಿತದ ಬಗ್ಗೆ ಬರೆದ ಮೊದಲನೇದು. ಒಂದು ಮಾತೂ ಬಿಡಬೇಡ” ಎಂದಳು. ಫೆಬ್ರವರಿ ೯ರದ್ದನ್ನು ತೆಗೆದು ಓದಿದೆ. ‘ಎರಡು ಸ್ವರ ಕಾಣಿಸುತ್ತಿದೆ’ ಎಂಬಲ್ಲಿಗೆ ಬಂದೆ.

“ಏನಂದೆ?”

“ಎರಡು ಸ್ವರ. ಒಂದು ದಪ್ಪ, ಒಂದು ಸಣ್ಣ.”

“ನೀನು ಮಾಡಿದ ಸುಳ್ಳಲ್ಲಿ ಎಷ್ಟು ಸ್ವರ ಇಟ್ಟಿದ್ದೆ?”

ಒಂದೇ ಅಕ್ಕಾ. ಎರಡನೆಯದಕ್ಕೆ ಅಮ್ಮನ ಪ್ರಬಂಧದ ಕೊನೆಯಲ್ಲಿ ಉದ್ದನೆಯ ಲೆಕ್ಕವಿದೆ. ಅದು ನನ್ನ ತಲೆಗೆ ಹತ್ತಲಿಲ್ಲ, ಸುಳ್ಳಿಗೆ ಇಷ್ಟು ಸಾಕೆಂದು ಬಿಟ್ಟುಬಿಟ್ಟಿದ್ದೆ. ನಿನ್ನ ಕಾಗದದಲ್ಲಿದ್ದ ‘ಎರಡು’ ಓದಿಯೂ ಕಣ್ಣಿಗೆ ಬೀಳಲಿಲ್ಲ.

“ಒಂದೇ” ಎಂದೆ.

“ಹಾಗಿದ್ರೆ ಅವಳ ಕಾಗದ ಬಂದ ದಿನವೇ ಗೊತ್ತಾಗ್ತಿತ್ತಲ್ಲೋ! ಓದಿದ್ರೆ ಸಾಕಿತ್ತಲ್ಲೋ! ಬರೀ ಓದಿದ್ರೆ!” ಎಂದಳು. ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಹುಟ್ಟಿದಂದಿನಿಂದ ಕೇಳಿಲ್ಲ.

ರೇಡಿಯೋದ ಮಸುಕೂ ಹಾಗೇ ಅಲ್ಲವೇ? ನನ್ನ ಸುಳ್ಳು ಎಕ್ಸ್-ರೇ ಮಾಹಿತಿಯಲ್ಲಿ ಮಾತ್ರ ಇರಲು ಸಾಧ್ಯ, ನಿನ್ನ ತಟ್ಟೆಯಲ್ಲಿ ಹೇಗೆ ಬರುತ್ತದೆ? ನೀನು ಕಂಡೆ ಎಂದೆ, ನಾನು ಅಯ್ಯೋ ಪಾಪ, ಆಸೆಗಣ್ಣು ಎಂದುಕೊಂಡೆ.

ತಟ್ಟೆ ತಿರುಗಿಸು ಅಕ್ಕಾ. ಈಗಲೇ.


ಏಪ್ರಿಲ್ ೧೧

ತಮ್ಮನಿಗೆ,

ತಿರುಗಿಸಿದೆ. ಧೂಳು ಮೇಷ್ಟ್ರು ತಮ್ಮ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿ ಪಾಳಿ ಕೊಟ್ಟರು. ಅಲ್ಲಿ ಈಗ ಏನೂ ಇಲ್ಲ. ಹೊಳೆದು ಆರಿತೋ, ಮೊದಲೇ ಇರಲಿಲ್ಲವೋ, ಈಗ ಹೇಳಲು ಬರುವುದಿಲ್ಲ. ನಡುವಿನ ಆ ಒಂದು ನೋಟ ಇದ್ದಿದ್ದರೆ ಬರುತ್ತಿತ್ತು. ಮೇಷ್ಟ್ರು ನನ್ನ ಮುಂದೆ ಕಣ್ಣೀರು ಹಾಕಿದರು. “ನಾನಾದ್ರೂ ಧೂಳು ಬಿಟ್ಟು ಒಂದ್ಸಲ ಆ ಕಡೆ ತಿರುಗಿಸ್ಬೇಕಿತ್ತು ಕಣಮ್ಮಾ” ಎಂದರು. ಆ ಮನುಷ್ಯರ ತಪ್ಪೇನಿದೆ ಇದರಲ್ಲಿ?

ನೀನು ಸುಳ್ಳು ಮಾಡಿದ್ದಕ್ಕೆ ಸಿಟ್ಟಿಲ್ಲ, ಅದು ನಿನಗೆ ಕೊಟ್ಟ ಕೆಲಸ. ಬಾಯಿ ಬಿಡದೆ ಇದ್ದದ್ದಕ್ಕೂ ಇಲ್ಲ. ಅಮ್ಮನ ಆಕಾರ ಆಕಾಶದಲ್ಲಿ ಕಂಡಿತು ಎಂದು ನಾನು ಬರೆದಾಗ, ಹಾಗಿದ್ದರೆ ಅದು ನಾನೇ ಬಿಡಿಸಿದ್ದು ಎಂದುಕೊಂಡೆಯಲ್ಲ, ಅದಕ್ಕೆ ಸಿಟ್ಟು. ನಕ್ಷತ್ರ ಅಮ್ಮನ ಮಾತಿನಂತೆ ನಡೆಯಬಹುದು ಎಂಬುದು ನಿನ್ನ ತಲೆಗೆ ಬರಲೇ ಇಲ್ಲ. ಇಷ್ಟು ವರ್ಷ ಅವಳಿಗೆ ಓದಿ ಹೇಳಿದೆ, ಮಾತ್ರೆ ಕೊಟ್ಟೆ, ಫ್ರಿಜ್ಜನ್ನು ಬೋಳಾಗಿಟ್ಟೆ. ನಂಬಲಿಲ್ಲ ನೀನು. ಆ ಮುಂದಿನ ಸಾಲಿನ ಮನುಷ್ಯನಿಗೂ ನಿನಗೂ ಏನು ವ್ಯತ್ಯಾಸ ಹೇಳು. ಅವನು ನಕ್ಕ, ನೀನು ಪ್ರೀತಿಸಿದೆ.

ಇದನ್ನು ಬರೆದು ಹರಿದು ಮತ್ತೆ ಬರೆದೆ. ಕಳಿಸುತ್ತಿದ್ದೇನೆ.

ನನ್ನನ್ನೂ ನಾನು ಬಿಟ್ಟಿಲ್ಲ. ಕಣ್ಣಿದ್ದವಳು ನಾನು. ಎರಡು ಸ್ವರ ಕಂಡವಳು ನಾನು. ಕಂಡದ್ದನ್ನು ಬಿಟ್ಟು ಹೇಳಿದ್ದನ್ನು ಕೇಳಿದೆ.

ಪ್ರಬಂಧ ಬರೆದು ಮುಗಿಸಿದ್ದೇನೆ, ಮಿಡಿತದ ಚಿತ್ರದ ಸಮೇತ ಪ್ರತಿ ಇದರೊಳಗಿದೆ. ಸಾಹೇಬರು ತಂತಿ ಫೋನಿನಲ್ಲಿ ನನ್ನ ಹಳೆಯ ವರದಿಯ ಮಾತೆತ್ತಿ, ಒಂದೇ ಒಂದು ಮಸುಕು ನೋಟದ ಮೇಲೆ ಇಷ್ಟು ಗಟ್ಟಿಯಾಗಿ ಹೇಳುವಂತಿಲ್ಲ ಎಂದರು. ಅವರು ಹೇಳಿದ್ದು ಸರಿ. ಶೀರ್ಷಿಕೆಯಲ್ಲಿ ಆ ಪದವನ್ನು ಸೇರಿಸಬೇಕಾಯಿತು. ಯಾವ ಸಂಪಾದಕರೂ ತುರುಕಲಿಲ್ಲ. ‘ಬಹುಶಃ’ ಎಂದು ನಾನೇ ಬರೆದೆ. ಅಮ್ಮನಿಗೆ ಹೇಗೆ ಹೇಳುತ್ತೀಯೋ ನೋಡು. ಈ ಸಲ ಪೂರ್ತಿ ಓದು.

ಅಕ್ಕ


ಏಪ್ರಿಲ್ ೧೯

ಅಕ್ಕಾ,

ಪೂರ್ತಿ ಓದಿದೆ. ನನ್ನ ಬಗ್ಗೆ ಬರೆದದ್ದನ್ನೂ ಓದಿದೆ. ಅಲ್ಲಿ ಹಾಳೆ ಮಡಚಲು ಹೋದೆ. ಅಮ್ಮ, “ನಿಲ್ಲಿಸ್ಬೇಡ” ಎಂದಳು. ಓದಿದೆ. ನೀನು ಬರೆದದ್ದು ನಿಜ. ನಾನು ನಂಬಿರಲಿಲ್ಲ. ನಂಬಿಲ್ಲವೆಂದು ನನಗೇ ಗೊತ್ತಿರಲಿಲ್ಲ.

ಎರಡನೆಯ ಸ್ವರದ ಲೆಕ್ಕವನ್ನು ಅಮ್ಮನ ಹತ್ತಿರ ಕೂತು ಕಲಿಯುತ್ತಿದ್ದೇನೆ. ಅವಳು ಬಾಯಲ್ಲಿ ಹೇಳುತ್ತಾಳೆ, ನಾನು ಬರೆಯುತ್ತೇನೆ, ತಪ್ಪಿದರೆ ತಲೆಗೆ ಮೊಟಕುತ್ತಾಳೆ. ಕಣ್ಣಿಲ್ಲದಿದ್ದರೂ ಗುರಿ ತಪ್ಪುವುದಿಲ್ಲ. ನೀನು ಕಳಿಸಿದ ಮಿಡಿತದ ಚಿತ್ರಕ್ಕೂ ಅವಳ ಲೆಕ್ಕಕ್ಕೂ ಕೂದಲೆಳೆಯ ಅಂತರವೂ ಇಲ್ಲ. ಹೇಳಿದಾಗ, “ಹೌದಾ?” ಎಂದಳು. ನಂಬಲಾಗದವಳಂತೆ ಇನ್ನೊಂದು ಸಲ “ಹೌದಾ?” ಎಂದಳು. ಆಮೇಲೆ ನಗಲು ಶುರುಮಾಡಿದಳು, ನಗುತ್ತಾ ನಗುತ್ತಾ ಅತ್ತಳು. “ಊರವರೆಲ್ಲ ನಂಬಲಿಲ್ಲ ಅಂತ ಇಷ್ಟು ವರ್ಷ ಬೈದೆ. ಕೊನೆಗೆ ಬಂದಾಗ ನಾನೇ ನಂಬಲಿಲ್ಲವಲ್ಲೋ” ಎಂದಳು.

ಶೀರ್ಷಿಕೆಯ ‘ಬಹುಶಃ’ವನ್ನೂ ಓದಿದೆ. ಸಂಜೆ ನನ್ನನ್ನು ಅಂಗಡಿಗೆ ಕಳಿಸಿ ಒಂದು ಅಯಸ್ಕಾಂತ ತರಿಸಿದಳು. ಗೋಡೆ ಹಿಡಿದುಕೊಂಡು ಅಡುಗೆಮನೆಗೆ ನಡೆದು, ನಿನ್ನ ಪ್ರಬಂಧದ ಮೊದಲ ಪುಟವನ್ನು ಫ್ರಿಜ್ ಬಾಗಿಲಿಗೆ ಒತ್ತಿ ನಿಲ್ಲಿಸಿದಳು. ತಲೆಕೆಳಗಾಗಿತ್ತು. ನಾನು ಸರಿಮಾಡಲಿಲ್ಲ.

ಕಾಗದ ತಾನೇ ಬರೆಯುತ್ತೇನೆಂದಳು. ಕೆಳಗಿನದು ಅವಳ ಕೈಬರಹ. ಸಾಲುಗಳು ಒಂದರ ಮೇಲೊಂದು ಹತ್ತಿವೆ, ನಿಧಾನವಾಗಿ ಬಿಡಿಸಿಕೊಂಡು ಓದು.

‘ಮಗಳೇ. ಆ ಪದ ಇರಲಿ. ನಾನು ಹೊಡೆದುಹಾಕುವುದಿಲ್ಲ. ಅದನ್ನು ಅಲ್ಲಿ ಇಟ್ಟವಳು ನಾನು. ಅಲ್ಲೇ ಕೂತು ಕಾಯುತ್ತಿರು. ಮತ್ತೆ ಸಿಡಿದರೆ ಮೊದಲು ತಟ್ಟೆ ತಿರುಗಿಸು, ಆಮೇಲೆ ನಮಗೆ ಬರೆ. ಬೇಡ ಎಂದು ಯಾರು ಹೇಳಿದರೂ ಕೇಳಬೇಡ. ನಾನು ಹೇಳಿದರಂತೂ ಕೇಳಲೇಬೇಡ. ಅಮ್ಮ.’